ಕಲ್ಲಿಗೆ ಮುಳ್ಳು

ಮೊದಲು ಗೊತ್ತಾದದ್ದು ಅಟ್ಟದ ಮೇಲಿನ ಹಿತ್ತಾಳೆ ಕೊಡಕ್ಕೆ.
ಆಮೇಲೆ ನಾಯಿಗೆ. ಆಮೇಲೆ ನಮಗೆ.
ಲಾರಿ ಜಲ್ಲಿ ಸುರಿದ ಹಾಗೆ ಒಂದು ಸದ್ದು,
ಸುರಿದದ್ದು ಮಾತ್ರ ನೆಲದ ಆ ಕಡೆ.
ಗುಂಡ್ಲಮರಡಿಯ ಮೂವತ್ತೆಂಟು ಮನೆ
ಆ ರಾತ್ರಿ ಕಂಬಳಿ ಹೊದ್ದು ಕಣದಲ್ಲಿ ಕೂತವು.
ಕ್ವಾರಿಯವರದೇ ಕೆಲಸ ಎಂದರು ಕೆಲವರು.
ಕ್ವಾರಿ ಮುಚ್ಚಿ ಆಗಲೇ ಎರಡು ವರ್ಷ.
ಕಾರ್ತೀಕ ಕಳೆದರೂ ಬಿಡದ ಮಳೆ,
ಸತ್ತ ಬೋರುಗಳೆಲ್ಲ ಬಾಯಿತನಕ ತುಂಬಿ ತುಳುಕುತ್ತಿದ್ದವು.
ಅದನ್ನೂ ಇದನ್ನೂ ಯಾರೂ ಸೇರಿಸಿ ನೋಡಲಿಲ್ಲ.

ನನ್ನ ಹತ್ತಿರ ಒಂದು ಪುಸ್ತಕವಿದೆ.
ರಿಗ್ ಲಾರಿಯಲ್ಲಿ ಹನ್ನೊಂದು ವರ್ಷ ಅಡಿ ಬರೆದವನು ನಾನು:
ಇಷ್ಟಕ್ಕೆ ಗರಸು, ಇಷ್ಟಕ್ಕೆ ಬಿಳಿಗಲ್ಲು, ಇಲ್ಲಿಂದ ಕರಿಗಲ್ಲು.
ಪೈಪಿನ ಬಾಯಿಂದ ಹಾರುವ ಹಿಟ್ಟನ್ನು ಅಂಗೈಯಲ್ಲಿ ಹಿಡಿದು
ಉಜ್ಜಿ, ಮೂಸಿ,
ಯಾರೂ ನೋಡದಿದ್ದರೆ ನಾಲಿಗೆಗೂ ತಾಕಿಸಿ.

ಮುನಿನಾರಾಯಣಪ್ಪನ ಹೊಲದಲ್ಲಿ
ನಾನೂರ ಹತ್ತಕ್ಕೆ ಕಲ್ಲು ಕೆಟ್ಟಿತು.
ಮೊದಲು ಬಿರುಕು, ಬಿರುಕಿಗೆ ಬಿರುಕು,
ಒಡೆದು ಮತ್ತೆ ಅಂಟಿಕೊಂಡ ಚೂರು,
ಆಮೇಲೆ ಎರಡೇ ಎರಡು ಅಡಿ
ಬೂದಿ ಬಣ್ಣದ ಹಿಟ್ಟು, ಹಸಿ, ನುಣ್ಣಗೆ,
ಕೂಸಿನ ಮುಖಕ್ಕೆ ಹಚ್ಚಬಹುದು ಅಂಥದ್ದು.
ಅದರ ಕೆಳಗೆ ಮತ್ತೆ ಚೂರು, ಮತ್ತೆ ಬಿರುಕು,
ಮತ್ತೆ ಏನೂ ಆಗಿಲ್ಲವೆಂಬಂತೆ ಕರಿಗಲ್ಲು.
ಶಾಲೆಯ ಹಿಂದೆ ಅದೇ ಹಿಟ್ಟು ಆರುನೂರ ನಲವತ್ತಕ್ಕೆ.
ಫಕ್ರುದ್ದೀನ್ ಸಾಬರ ಹುಣಸೆತೋಪಿನಲ್ಲಿ ಒಂಬೈನೂರ ಐದಕ್ಕೆ.

ಕಣದಿಂದ ಎದ್ದು ಬಂದು, ಲಾಟೀನು ಹಚ್ಚಿ,
ಪುಸ್ತಕದ ಹಿಂಬದಿ ಹಾಳೆಯಲ್ಲಿ
ಮೂರು ಚುಕ್ಕೆ ಇಟ್ಟು ಗೆರೆ ಎಳೆದೆ.
ಗೋಡೆಗೆ ಒರಗಿಸಿಟ್ಟ ಹಲಗೆಯ ಹಾಗೆ
ಅದು ಊರಿನ ಕೆಳಗೆ ಇಳಿದು ಹೋಗಿತ್ತು.
ಹಾಳೆ ಮುಗಿಯಿತು. ಗೆರೆ ಮುಗಿಯಲಿಲ್ಲ.

ಮೂರು ದಿನಕ್ಕೆ ಇಲಾಖೆಯ ಜೀಪು ಬಂತು.
ತನೂಜಾ ಎಂಬ ಹುಡುಗಿ, ಕೈಯಲ್ಲಿ ಉಕ್ಕಿನ ಡಬ್ಬಿ.
ಬಿಸಿಯೂಟದ ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ಸಂದಿಯಲ್ಲಿ
ನೆಲ ಕೆರೆದು, ಸಿಮೆಂಟು ಹಾಕಿ ಅದನ್ನು ಕೂರಿಸಿದಳು.
ನನ್ನ ಗೆರೆ ನೋಡಿ ತುಸು ಹೊತ್ತು ಮಾತಾಡಲಿಲ್ಲ.
'ಇದನ್ನೆಲ್ಲ ಯಾರು ಹೇಳಿಕೊಟ್ಟರು?'
'ನಮ್ಮವ್ವ.'

ನಮ್ಮವ್ವ ಗಂಗುಲಮ್ಮ, ಚಿಂತಾಮಣಿಯಿಂದ ಬಾಗೇಪಲ್ಲಿವರೆಗೆ
ಬೀದಿಬೀದಿಯಲ್ಲಿ ಬೀಸುಕಲ್ಲಿಗೆ ಮುಳ್ಳು ಹೊಡೆದವಳು.
'ಸವೆದ ಕಲ್ಲು ಸುಮ್ಮನೆ ಜಾರ್ತದೆ ಮಗಾ,' ಎಂದಳು ತನೂಜಾಗೆ,
'ಮುಳ್ಳಿದ್ರೆ ಹಿಡೀತದೆ. ಹಿಡಿದದ್ದೇ ಅರೆಯೋದು.
ಕೆಳಗೂ ಅಷ್ಟೇ. ಎರಡು ಕಲ್ಲು, ಮಧ್ಯೆ ಹಿಟ್ಟು.
ನುಣುಪಿದ್ದ ಕಡೆ ಯಾರಿಗೂ ಕೇಳದಂಗೆ ಜಾರಿರ್ತದೆ.
ಒಂದು ಮುಳ್ಳು ಮಾತ್ರ ಬಿಡಲ್ಲ ಅಂತ ಕೂತಿರ್ತದೆ.
ನೀರು ಹೊಕ್ಕು ಅದನ್ನ ಸಡಿಲ ಮಾಡ್ತು, ಪಟ್ ಅಂತು,
ನಮ್ಮ ಕೊಡ ಬಿತ್ತು.'
ಆಮೇಲೆ ಅವಳೇ ಕೇಳಿದಳು:
'ಅಲ್ಲಿ ಗೂಟ ಇಲ್ಲ, ಹಿಡಿ ಇಲ್ಲ. ಬೀಸೋರು ಯಾರು?'
ಇಡೀ ನಾಡೇ ಬಡಗಣಕ್ಕೆ ಸರಿಯುತ್ತಿದೆಯಂತೆ,
ವರ್ಷಕ್ಕೆ ಎರಡು ಅಂಗುಲ, ಹಿಮಾಲಯದ ಎದೆಗೆ ಭುಜ ಕೊಟ್ಟು.
ಅವ್ವ ಎರಡು ಬೆರಳು ಜೋಡಿಸಿ ನೋಡಿಕೊಂಡಳು.
'ನಿಧಾನಸ್ಥೆ,' ಎಂದಳು.

ಪುಷ್ಯದಲ್ಲಿ ಒಂದು ಫೋನು.
'ನಿನ್ನೆ ಬೆಳಿಗ್ಗೆ ಹನ್ನೊಂದು ಹತ್ತಕ್ಕೆ ನಿಮ್ಮೂರಲ್ಲಿ ಏನಾಯಿತು?
ಸಣ್ಣಸಣ್ಣ ಪೆಟ್ಟು, ಒಂದೇ ಸಮ, ನಾಲ್ಕಾದ ಮೇಲೆ ಬಿಡುವು,
ಮತ್ತೆ ನಾಲ್ಕು. ಇಂಥದ್ದನ್ನು ನಾವು ಕಂಡಿಲ್ಲ.'
ನಾನು ನಕ್ಕುಬಿಟ್ಟೆ.
ಹನ್ನೆರಡು ವರ್ಷದ ಮೇಲೆ ಅವ್ವ ಉಳಿ ಹುಡುಕಿ ತೆಗೆದು
ಉಗ್ರಾಣದ ಹೊಸ್ತಿಲಲ್ಲಿ ಕೂತಿದ್ದಳು,
ಶಾಲೆಯ ಒರಳು ಸವೆದಿದೆ ಎಂದು.

ಮುಂದಿನ ಸಲ ತನೂಜಾ ಅದನ್ನು ಕಾಗದಕ್ಕೆ ಇಳಿಸಿ ತಂದಳು.
ಓದು ಬಾರದ ಅವ್ವ
ಗೆರೆಗಳ ಮೇಲೆ ಹೆಬ್ಬೆರಳು ಆಡಿಸಿದಳು,
ಹೊಸದಾಗಿ ಹೊಡೆದ ಕಲ್ಲನ್ನು ಪರೀಕ್ಷಿಸುವಂತೆ.
'ಮುಳ್ಳು ಸರಿಯಾಗೇ ಬಿದ್ದದೆ.'
ಬೆರಳು ಎಡಕ್ಕೆ ಸರಿಯಿತು. ಅವಳು ಕೂರುವ ಮೊದಲೇ,
ಹತ್ತು ಐವತ್ತೆರಡಕ್ಕೆ, ಒಂಟಿಯಾಗಿ ಎದ್ದ ಒಂದು ಗೆರೆ.
ಅಲ್ಲೇ ನಿಂತಿತು.
'ಇದು ನನ್ನ ಏಟಲ್ಲ,' ಎಂದಳು.
'ಗಟ್ಟಿ ಕೈ.'